ನಗೋರ ಮುಂದ ಎಡವಿ ಬಿದ್ರ ಮೊದಲ ಏನ್ ಮಾಡಬೇಕ್ರಿ?

ಸೆಕ್ಟರ್ ನಾಲ್ಕು (ಬಾಗಲಕೋಟಿ)

ನಮಸ್ಕಾರ್ರಿ ಎಲ್ಲಾರಿಗೂ. ಬರೋ ವಾರ ನವನಗರದಾಗ ಹೊಸದಾಗಿ ಕೌಂಟರಿಗೆ ಕೂಡೋ 20 ಮಂದಿಗೆ ಒಂದೂವರಿ ತಾಸಿನ ತರಬೇತಿ ಐತಿ. ರೊಕ್ಕ ಎಣಿಸೂದು, ಅರ್ಜಿ ತಗೊಳ್ಳೂದು, ಕಂಪ್ಯೂಟರು ಎಲ್ಲಾ ಬ್ಯಾರೆಯವರು ಹೇಳಿಕೊಡ್ತಾರ. ನನ್ನ ಪಾಲಿಗೆ ಬಂದಿದ್ದು ಇನ್ನೊಂದು. ಸಾಲಿನ್ಯಾಗ ನಿಂತ ಮಂದಿ ಮುಂದ ಫಜೀತಿ ಆದ್ರ ಹೆಂಗ ಸಂಭಾಳಿಸೂದು, ದಿನದ ಟೆನ್ಶನ್ ಮನಿಗೆ ಹೊತ್ಕೊಂಡು ಹೋಗದಂಗ ಏನ್ ಮಾಡೂದು.

ಹುಡುಕಿದ್ರ ಎಲ್ಲಾ ಕಡೆ "ನಕ್ಕು ಹಗುರಾಗ್ರಿ" ಅಂತನ ಬರತೈತಿ. ನಗಬೇಕು ಅನ್ನೂದು ಹುಡುಗರಿಗೂ ಗೊತ್ತೈತಿ. ಯಾವಾಗ, ಯಾವುದಕ್ಕ, ಎಷ್ಟು ಅನ್ನೂದು ಬೇಕಾಗೇತಿ. ಟೋಕನ್ ನಂಬರ್ ತಪ್ಪ ಓದಿ ಮೈಕಿನ್ಯಾಗ ಕೂಗೂದು, ಹಿರ್‍ಯಾರಿಗೆ "ಬಾ" ಅಂದು ಬಿಡೂದು, ಅರ್ಜಿ ಮ್ಯಾಲ ಚಹಾ ಚೆಲ್ಲೂದು, ಗಾಲಿ ಕುರ್ಚಿ ಹಿಂದಕ್ಕ ಸರದು ಧಪ್ ಅಂತ ಬೀಳೂದು. ಇಂಥಾವು. ಮೂರು ಪ್ರಶ್ನಿ: ಮೊದಲನೇ ಹತ್ತು ಸೆಕೆಂಡ್ ಏನ್ ಮಾಡಬೇಕು? ಎಂಥಾ ನಗಿ ಕೆಲಸ ಮಾಡತೈತಿ, ಎಂಥಾದ್ದು ಉಲ್ಟಾ ಹೊಡಿತೈತಿ? ರಾತ್ರಿ ಅದ ಮಾತು ತಲಿಯಾಗ ಗಿರಕಿ ಹೊಡಿತಿದ್ರ ಏನು ಉಪಾಯ?

ಕುಂದಾ ಕಡಕ್ (ಬೆಳಗಾವಿ)

ನಗಿ ಎರಡನೇ ಕೆಲಸ್ರಿ. ಮೊದಲನೇ ಕೆಲಸ ದುರಸ್ತಿ. ಹೊಸಬರು ತಪ್ಪೂದು ಇಲ್ಲೇ. ನಾಚಿಕಿ ಮುಚ್ಚಾಕ ಮೊದಲ ಜೋಕ್ ಹೊಡಿತಾರ, ಆಮ್ಯಾಲ ಕೆಲಸಕ್ಕ ಕೈ ಹಾಕ್ತಾರ. ಐದ್ನೂರು ರೂಪಾಯಿ ಕಡಿಮಿ ಎಣಿಸಿ ಕೊಟ್ಟ ಹುಡುಗ ರೊಕ್ಕ ವಾಪಸ್ ಕೊಡೂಕಿಂತ ಮೊದಲ ಹಲ್ಲ ಕಿಸಿದ್ರ ಎದುರಿನವಗ ಅದು ಜೋಕ್ ಅಲ್ಲ, ಕಳ್ಳತನ ಸಿಕ್ಕಿಬಿದ್ದಂಗ ಕಾಣತೈತಿ. ಅದಕ್ಕ ದುರಸ್ತಿ, ಒಂದ ಸಾಲು, ಮುಂದಿನ ಟೋಕನ್. ಈ ಕ್ರಮ ಬದಲಾಗಬಾರ್ದು.

ದುರಸ್ತಿ ಕೈಗೆ ರೂಢಿ ಆಗಿರಬೇಕು, ಇಲ್ಲಾಂದ್ರ ಗಾಬರಿಯಾಗ ನೆನಪಾಗೂದಿಲ್ಲ. ಚಹಾದ್ದ ತಗೋರಿ. ಮೊದಲ ಕಾಗದ ಎತ್ತಬೇಕು, ಟೇಬಲ್ ಒರಸೂದು ಆಮ್ಯಾಲ. ಎತ್ತಿದ ಕಾಗದಾನ ತಿಕ್ಕಬ್ಯಾಡ್ರಿ. ಕೆಳಗೊಂದು ಮ್ಯಾಲೊಂದು ಹಳೇ ಪೇಪರ್ ಇಟ್ಟು ಅಂಗೈಲೆ ಒತ್ತಬೇಕು. ಬಾಲ್ ಪೆನ್ನಿನ ಅಕ್ಷರ ಸಹಸಾ ಹೋಗೂದಿಲ್ಲ. ಜೆಲ್ ಪೆನ್ ಮತ್ತ ರಬ್ಬರ್ ಸ್ಟ್ಯಾಂಪಿನ ಶಾಯಿ ಹರಡತೈತಿ, ಹಂಗಾಗಿ ಸಹಿ, ಶಿಕ್ಕಾ ಇರೋ ಜಾಗ ಮೊದಲ ಒತ್ತಬೇಕು. ಕೀಬೋರ್ಡಿಗೆ ಬಿದ್ರ ಅದರ ವಾಯರ್ ಕಿತ್ತು ಬೋರಲ ಹಾಕಬೇಕು. ಇಷ್ಟು ಮಾಡೂದ್ರಾಗ ಹದಿನೈದು ಸೆಕೆಂಡ್ ಹೋಗಿರತೈತಿ. ಸಾಲಿನ್ಯಾಗ ನಕ್ಕವರೂ "ಹುಡುಗ ಚುರುಕ ಅದಾನ" ಅಂತ ನೋಡ್ತಿರ್ತಾರ. ಈಗ ಬಾಯಿ ತೆಗೀಬಹುದು.

ಆ ಒಂದ ಸಾಲು ಏಳೆಂಟು ಶಬ್ದ ದಾಟಬಾರ್ದು. ವಸ್ತು ಮ್ಯಾಲ ಇರಬೇಕು, ಮನುಷ್ಯಾನ ಮ್ಯಾಲ ಅಲ್ಲ. ಹೇಳಿದ ಮ್ಯಾಲ ಯಾರ್ ನಕ್ರು ಅಂತ ಮಾರಿ ಮಾರಿ ನೋಡ್ಕೋತ ಕೂಡಬಾರ್ದು. ಕುರ್ಚಿ ಸರದು ಬಿದ್ರ ಎದ್ದು, ಅಂಗಿ ಝಾಡಿಸಿ, ಕುರ್ಚಿ ಗ್ವಾಡಿಗೆ ತಾಗಿಸಿ, "ಕುರ್ಚಿಗೂ ಇವತ್ತ ರಜಾ ಬೇಕಂತ." ಮುಗೀತು. 16 ಇದ್ದದ್ದನ್ನ 61 ಅಂತ ಕೂಗಿದ್ರ: "ಹದಿನಾರ್ರಿ, ಹದಿನಾರು. ಅರವತ್ತೊಂದನೇದವರು ಆರಾಮ ಚಹಾ ಕುಡದ ಬರ್ರಿ." ಇದ್ರಾಗ ತಿದ್ದುಪಡಿ ಮೊದಲ ಐತಿ ನೋಡ್ರಿ, ನಗಿ ಬಾಲದಾಗ.

ಹಿರ್‍ಯಾರಿಗೆ ಬಾಯ್ತಪ್ಪಿ "ಬಾ" ಅಂದದ್ದು ಬೆಳಗಾವಿ ಕಡೆ ಭಾಳ. ಮನ್ಯಾಗ ಮರಾಠಿ ಮಾತಾಡೋ ಹುಡುಗರಿಗೆ ನಮ್ಮ "ರಿ" ಎಲ್ಲಿ ಹಚ್ಚಬೇಕು ಅನ್ನೂದು ಲಗೂನ ಹತ್ತೂದಿಲ್ಲ. ಉಪಾಯ ಆ ಶಬ್ದದಾಗನ ಐತಿ: ಉಸಿರು ಬಿಡದ "ಬಾ... ರ್ರಿ, ಬರ್ರಿ ಕಾಕಾ" ಅಂತ ಜೋಡಿಸಿಬಿಟ್ರ ತಪ್ಪು ಆಗಿದ್ದ ಗೊತ್ತಾಗೂದಿಲ್ಲ. ಗೊತ್ತಾದ್ರೂ ಕಾಕಾ ನಗ್ತಾರ.

ಹೆಸರು ಕೂಗೂದಿದ್ರ ಬರೇ ಅಡ್ಡಹೆಸರು ಕೂಗಬ್ಯಾಡ ಅಂತ ಹೇಳ್ರಿ. ನಮ್ಮ ಮೂರು ಜಿಲ್ಲಾದಾಗ "ಪಾಟೀಲ್ರು" ಅಂದ್ರ ಅರ್ಧ ಸಾಲು ಎದ್ದ ಬರತೈತಿ. ಹೆಸರು, ತಂದಿ ಹೆಸರು, ಊರು. ಅರ್ಧ ಫಜೀತಿ ಅಲ್ಲೇ ನಿಂತ ಹೋಕ್ಕತಿ.

ಇನ್ನ ಎರಡು. "ಸಾರಿ" ಒಂದ ಸಲ. ಐದು ಸಲ ಅಂದ್ರ ಎದುರಿನವರು ಐದು ಸಲ "ಇರಲಿ ಬಿಡ್ರಿ" ಅನ್ನಬೇಕಾಗತೈತಿ, ಮುಗದ ಮಾತು ಮತ್ತ ಉದ್ದ ಆಗತೈತಿ. ಎರಡನೇದು, "ಸರ್ವರ್ ಡೌನ್" ಮ್ಯಾಲ ಜೋಕ್ ಬ್ಯಾಡ. ಹುನಗುಂದದಿಂದ ಬಸ್ಸಿಗೆ ರೊಕ್ಕ ಹಾಕಿ, ಒಂದ ದಿನದ ಕೂಲಿ ಬಿಟ್ಟು ಬಂದವರಿಗೆ ಅದು ಹೊಟ್ಟಿ ಉರಸತೈತಿ. ಅಲ್ಲಿ ಬೇಕಾದ್ದು ಸಮಯ: "ಹನ್ನೆರಡರ ತನಕಾ ಬರಲಿಲ್ಲಂದ್ರ ಅರ್ಜಿ ಇಲ್ಲೇ ತಗೊಂಡು ಚೀಟಿ ಕೊಡ್ತೀನಿ." ಅಷ್ಟ.

ಗುಮ್ಮಟದ ನೆರಳು (ವಿಜಯಪುರ)

ಮ್ಯಾಲಿನವರು ಹೇಳಿದ್ದಕ್ಕ ಒಂದು ಪುರಾವೆನೂ ಅದ. 1966ರಾಗ ಎಲಿಯಟ್ ಆರನ್ಸನ್ ಅಂಬೋ ಮನಃಶಾಸ್ತ್ರಜ್ಞ ಮತ್ತವರ ಜೋಡಿಯವರು ಮಾಡಿದ ಪ್ರಯೋಗ. ರಸಪ್ರಶ್ನೆಗೆ ಉತ್ತರ ಹೇಳೋವನ ಧ್ವನಿ ಟೇಪಿನ್ಯಾಗ ಕೇಳಿಸಿದ್ರು. ಒಂದು ಟೇಪಿನ್ಯಾಗ ಅಂವಾ ಹತ್ತಿರ ಹತ್ತಿರ ಎಲ್ಲಾ ಸರಿ ಹೇಳ್ತಾನ, ಇನ್ನೊಂದ್ರಾಗ ಅರ್ಧದಷ್ಟೂ ಬರೂದಿಲ್ಲ. ಕಡಿಕೆ ಕಾಫಿ ಚೆಲ್ಲಿಕೊಂಡ ಸಪ್ಪಳ. ಜಾಣ ಚೆಲ್ಲಿಕೊಂಡಾಗ ಮಂದಿಗೆ ಅಂವಾ ಇನ್ನಾ ಚೊಲೋ ಅನಿಸಿದ. ಸಾಧಾರಣದವ ಚೆಲ್ಲಿಕೊಂಡಾಗ ಇದ್ದ ಮರ್ಯಾದಿನೂ ಹೋಯ್ತು. ಅಂದ್ರ ಎಡವಟ್ಟು ಚಂದ ಕಾಣಬೇಕಾದ್ರ ಕೆಲಸ ಬರ್ತದ ಅನ್ನೋದು ಮೊದಲ ಕಾಣಸಬೇಕು. ಹೊಸಾ ಹುಡುಗರಿಗೆ ಆ ಹೆಸರು ಇನ್ನೂ ಬಂದಿರಂಗಿಲ್ಲ. ಅದಕ್ಕೇ ಅವರಿಗೆ ದುರಸ್ತಿನೇ ಮೊದಲು.

ಎರಡನೇದು, "ಎಲ್ಲಾರೂ ನೋಡಿಬಿಟ್ರು" ಅನ್ನೋ ಭಾವನಾ. 2000ದಾಗ ಅಮೇರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತ ಸಂಗಡಿಗರು ಒಂದು ಲೆಕ್ಕ ಹಾಕಿದ್ರು. ಹುಡುಗರಿಗೆ ಹಾಕ್ಕೊಳ್ಳಾಕ ನಾಚಿಕಿ ಬರೋವಂಥಾ, ಒಬ್ಬ ಗಾಯಕನ ಮಾರಿ ಇದ್ದ ಟೀ ಶರ್ಟ್ ತೊಡಿಸಿ, ತುಂಬಿದ ಖೋಲಿಗೆ ಕಳಸಿದ್ರು. ಹೊರಗ ಬಂದ ಮ್ಯಾಲ "ಎಷ್ಟು ಮಂದಿ ಗಮನಿಸ್ಯಾರ?" ಅಂತ ಕೇಳಿದ್ರ ಸುಮಾರು ಅರ್ಧ ಮಂದಿ ಅಂತ ಅಂದಾಜ ಮಾಡಿದ್ರು. ಖರೇ ಗಮನಿಸಿದವರು ಅದರ ಅರ್ಧ, ಅಂದ್ರ ಕಾಲುಭಾಗದ ಆಸುಪಾಸು.

ನಮ್ಮೂರ ಮಂದಿಗೆ ಇದನ್ನ ತಿಳಿಸಲಾಕ ಟೀ ಶರ್ಟ್ ಬೇಕಾಗಿಲ್ಲ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯೊಳಗ ನಿಂತು ಒಂದ ಚಪ್ಪಾಳಿ ಹೊಡೀರಿ, ಏಳು ಸಲ ತಿರುಗಿ ಬರ್ತದ. ಹೊಡೆದದ್ದು ಒಂದೇ, ಉಳಿದದ್ದೆಲ್ಲಾ ಗುಮ್ಮಟದ್ದು. ಟೋಕನ್ ಒಂದ ಸಲ ತಪ್ಪಿ ಓದಿದ್ದು ರಾತ್ರಿ ಹನ್ನೊಂದರ ತನಕ ಕೇಳಸ್ತದಲ್ಲ, ಅದು ಸಾಲಿನ್ಯಾಗಿನ ಮಂದಿ ನಗಿ ಅಲ್ಲ, ತಲಿಯೊಳಗಿನ ಗುಮ್ಮಟ. ಸಾಲಿನವರಿಗೆ ತಮ್ಮ ಟೋಕನ್ನಿನ ಚಿಂತಿ.

ಆದ್ರ ಒಂದು ಕೊಂಕು ಹೇಳಬೇಕು. ಆ ಪ್ರಯೋಗದಾಗ ಖೋಲಿಯೊಳಗ ಇದ್ದವರು ಒಂದು ಸಲ ನೋಡಿ ಬಿಟ್ಟವರು. ಸಣ್ಣ ಊರಾಗ, ಸಣ್ಣ ಆಫೀಸಿನ್ಯಾಗ ಹಂಗಿಲ್ಲ. ಇಲ್ಲಿ ಚಾಷ್ಟಿ ಮಾಡಿ ಮಾಡಿ ಒಂದು ಕರಿಯೋ ಹೆಸರೇ ಹಚ್ಚಿಬಿಡ್ತಾರ. ಹಂಗ "ಅರವತ್ತೊಂದು" ಅಂತ ಯಾರರೆ ಕರದ್ರ ಮೊದಲನೇ ಸಲ ಸಾದಾ "ಹೂಂ, ಹೇಳ್ರಿ" ಅಂದು ಕೆಲಸ ಕೇಳಬೇಕು. ಸಿಟ್ಟಿಗೆದ್ದು ಕೂಗಾಡಿದ್ರ ಹೆಸರು ಪಕ್ಕಾ ಆಯ್ತಂತನೇ ತಿಳೀರಿ. ಎರಡು ವಾರ ದಾಟಿನೂ ನಡದ್ರ, ಒಬ್ಬನ್ನೇ ಕರದು ಬಾಜೂಕ ನಿಂತು, "ನನಗ ಇದು ಸರಿ ಅನಸೂದಿಲ್ಲ, ಸಾಕು ಮಾಡ್ರಿ" ಅಂತ ಹೇಳೋದು. ಎಲ್ಲಾರ ಮುಂದ ಹೇಳಿದ್ರ ಅಂವಗೂ ಹಟ ಬರ್ತದ.

ಮಾರಿ ಕೆಂಪಾಗೋದರ ಬಗ್ಗೆನೂ ಹುಡುಗರು ಕೇಳ್ತಾರ. ಅದನ್ನ ತಡಿಯಾಕ ಹೋಗಬಾರದು. ಗಾಬರಿಗೆ ಮಾರಿಯ ರಕ್ತನಾಳ ಅಗಲಾಗಿ ಬಿಸಿ ಹತ್ತತದ. ತಡೀಬೇಕು ಅಂದಷ್ಟು ಲಕ್ಷ್ಯ ಅಲ್ಲೇ ಹೋಗಿ ಇನ್ನಾ ಹೆಚ್ಚಾಗ್ತದ. ನಮ್ಮ ಬಣ್ಣದಾಗ ಬಿಸಿ ನಮಗ ಗೊತ್ತಾದಷ್ಟು ಎದುರಿನವಗ ಕಾಣೂದೂ ಇಲ್ಲ. ಕೈಗೆ ಒಂದು ಕೆಲಸ ಕೊಡ್ರಿ, ಸ್ಟೇಪ್ಲರ್ ಹೊಡಿಯೋದೋ, ಚಿಲ್ಲರ ಜೋಡಿಸೋದೋ. ತಾನೇ ಇಳೀತದ.

ಅರ್ಧ ಕಪ್ (ಬೆಳಗಾವಿ)

ಎರಡನೇ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ತರಬೇತಿಗಳಲ್ಲಿ ಅತಿ ಹೆಚ್ಚು ಹಾನಿಯಾಗುವುದು ಅಲ್ಲೇ. "ನಿಮ್ಮನ್ನು ನೀವೇ ನೋಡಿ ನಗಿ" ಎಂದು ಹೇಳಿ ಕಳಿಸುತ್ತಾರೆ. ಹುಡುಗರು ಅದನ್ನು "ನಿಮ್ಮನ್ನು ನೀವೇ ಹೀಯಾಳಿಸಿಕೊಳ್ಳಿ" ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಕೆನಡಾದ ಮನಃಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ನಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ನಾಲ್ಕು ಜನರನ್ನು ಹತ್ತಿರ ತರುವ ನಗೆ, ಕಷ್ಟದಲ್ಲೂ ತನ್ನನ್ನು ಎತ್ತಿ ಹಿಡಿಯುವ ನಗೆ, ಇನ್ನೊಬ್ಬರನ್ನು ಚುಚ್ಚುವ ನಗೆ, ತನ್ನನ್ನೇ ತುಳಿದುಕೊಳ್ಳುವ ನಗೆ. ಮೊದಲೆರಡು ಒಳ್ಳೆಯ ಮನಸ್ಥಿತಿಯ ಜೊತೆ ಕಾಣಿಸಿಕೊಳ್ಳುತ್ತವೆ. ಕೊನೆಯದು ಆತಂಕ, ಖಿನ್ನತೆಗಳ ಜೊತೆ. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಅಂತರ ಕೂದಲೆಳೆಯಷ್ಟು. "ಈ ಕಂಪ್ಯೂಟರಿಗೂ ನನಗೂ ಇವತ್ತ ಮಾತು ಬಿಟ್ಟೇತ್ರಿ" ಎನ್ನುವುದು ಎರಡನೆಯದು. "ನನಗ ತಲೀನ ಇಲ್ಲ ಬಿಡ್ರಿ, ದಡ್ಡ ನಾನು" ಎನ್ನುವುದು ನಾಲ್ಕನೆಯದು. ಪರೀಕ್ಷೆ ಸುಲಭ: ಅದೇ ವಾಕ್ಯವನ್ನು ಪಕ್ಕದ ಕೌಂಟರಿನವರಿಗೆ ಹೇಳಿದರೆ ಅವರಿಗೆ ನೋವಾಗುತ್ತದೆಯೇ? ನೋವಾಗುವುದಾದರೆ ನಿಮಗೂ ಹೇಳಿಕೊಳ್ಳಬೇಡಿ. ಎರಡು ಮೂರು ತಿಂಗಳು ದಿನಾ "ದಡ್ಡ ನಾನು" ಎನ್ನುವವನನ್ನು ಮೇಲಧಿಕಾರಿಯೂ ನಂಬಲು ಶುರುಮಾಡುತ್ತಾರೆ, ಅದು ಇನ್ನೊಂದು ತೊಂದರೆ.

ಇನ್ನು, ಮುಜುಗರ ಯಾರದು ಎಂಬುದನ್ನೂ ನೋಡಬೇಕು. ಎಡವಟ್ಟು ನಿಮ್ಮದಾದರೆ ನೀವು ನಗಬಹುದು. ಎದುರಿನವರದಾದರೆ ನಗುವ ಹಕ್ಕು ಅವರದು ಮಾತ್ರ. ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ಬರುವ ಅಜ್ಜಂದಿರನ್ನೇ ನೋಡಿ. ಆಯುಷ್ಯವಿಡೀ ಹೊಲದಲ್ಲಿ ದುಡಿದ ಬೆರಳು ಸವೆದಿರುತ್ತದೆ, ಯಂತ್ರ ಗುರುತಿಸುವುದಿಲ್ಲ, ಹಿಂದೆ ಸಾಲು ಗೊಣಗುತ್ತದೆ. "ನಾ ಬದುಕಿದ್ದು ಮಷೀನಿಗೂ ಖಾತ್ರಿ ಇಲ್ಲೇನಪಾ" ಎಂದು ಅಜ್ಜನೇ ನಕ್ಕರೆ ಜೊತೆಗೆ ನಗಿ. ಅವರು ತಲೆ ತಗ್ಗಿಸಿದ್ದರೆ ತಪ್ಪನ್ನು ಯಂತ್ರದ ಮೇಲೆ ಹಾಕಿ: "ಇದಕ್ಕ ಕಣ್ಣ ಕಾಣವಲ್ದು ಅಜ್ಜಾರ, ತಡೀರಿ." ಹೇಳುತ್ತಲೇ ಕೈ ಕೆಲಸ ಮಾಡುತ್ತಿರಲಿ. ಗಾಜನ್ನು ಒಣಬಟ್ಟೆಯಿಂದ ಒರೆಸಿ. ಬೆರಳು ಬಿರುಕು ಬಿಟ್ಟು ಒಣಗಿದ್ದರೆ ಒದ್ದೆ ಬಟ್ಟೆಯಿಂದ ಮುಟ್ಟಿಸಿ, ನೀರು ತೊಟ್ಟಿಕ್ಕಬಾರದು. ಬೆರಳ ತುದಿಯಲ್ಲ, ಇಡೀ ಗೀರಿನ ಭಾಗ ಚಪ್ಪಟೆಯಾಗಿ ಕೂರಲಿ. ಹೆಬ್ಬೆರಳು ಆಗದಿದ್ದರೆ ಉಳಿದ ಬೆರಳು, ಮತ್ತೊಂದು ಕೈ. ಅದೂ ಆಗದಿದ್ದರೆ ಕಣ್ಣುಪಾಪೆ ಅಥವಾ ಮುಖ ಗುರುತಿಸುವ ದಾರಿ ಇದೆ. ನಾಲ್ಕನೇ ಸಲವೂ ಅದೇ ಹೆಬ್ಬೆರಳನ್ನು ಇನ್ನೂ ಜೋರಾಗಿ ಒತ್ತಿಸುವುದೇ ಎಲ್ಲೆಡೆ ಕಾಣುವ ತಪ್ಪು. ಜೋರಾಗಿ ಒತ್ತಿದರೆ ಗೀರುಗಳು ಇನ್ನಷ್ಟು ಚಪ್ಪಟೆಯಾಗುತ್ತವೆ.

ಮೈಬಣ್ಣ, ದಪ್ಪ ತೆಳು, ಜಾತಿ, ಮಾತಿನ ಧಾಟಿ, ಹೆಬ್ಬೆಟ್ಟು. ಇವುಗಳ ಮೇಲೆ ಯಾವ ಜೋಕೂ ಇಲ್ಲ. ಇದರ ಬಗ್ಗೆ ಚರ್ಚೆಗೂ ಸಮಯ ಕೊಡಬೇಡಿ.

ಸೆಕ್ಟರ್ ನಾಲ್ಕು (ಬಾಗಲಕೋಟಿ)

ಭಾಳ ಉಪಕಾರ್‍ರಿ. ಬೆರಳಿಂದು ಬರಕೊಂಡೆ. ಇನ್ನೊಂದು ಬಿಟ್ಟಿದ್ದೆ: ವಾಟ್ಸಾಪ್. ಆಫೀಸಿನ ಗ್ರೂಪಿಗೆ ಮನಿ ಮಾತು ಹೋಗೂದು, ಸಾಹೇಬ್ರ ಬಗ್ಗೆ ಬರದದ್ದು ಸಾಹೇಬ್ರಿಗೇ ಹೋಗೂದು. ಇದಕ್ಕ ದುರಸ್ತಿ ಐತೇನು? ಮತ್ತ ಹಾಸ್ಯ ಯೋಗ ಮಾಡಸ್ರಿ ಅಂತ ಒಬ್ಬರು ಹೇಳಾಕತ್ತಾರ, ಅದೂ ಹೇಳ್ರಿ.

ಬ್ಲೂ ಟಿಕ್ (ಬೆಳಗಾವಿ)

ಐತ್ರಿ, ಆದ್ರ ಗಡಿಬಿಡಿ ಮಾಡಿದ್ರ ಕೆಡತೈತಿ. ಗಾಬರಿಯಾಗ ಎಲ್ಲಾರೂ ಒತ್ತೂದು "ಡಿಲೀಟ್ ಫಾರ್ ಮಿ". ಅದು ನಿಮ್ಮ ಫೋನಿನ್ಯಾಗಷ್ಟ ಹೋಗತೈತಿ, ಉಳಿದ ಎಲ್ಲಾರ ಕಡೆ ಹಂಗ ಇರತೈತಿ, ಮತ್ತ ಈಗ ಅಳಸಾಕ ನಿಮ್ಮ ಕೈಯಾಗೂ ಇಲ್ಲ. ಹಂಗ ಒತ್ತಿದ್ರ ಕೆಳಗ "ಅನ್‌ಡೂ" ಅಂತ ಸುಮಾರು ಐದು ಸೆಕೆಂಡ್ ಬರತೈತಿ, ಅದನ್ನ ಹಿಡೀಬೇಕು.

ಖರೇ ಕ್ರಮ ಹಿಂಗ. ಮೆಸೇಜ್ ಒತ್ತಿ ಹಿಡದು "ಇನ್ಫೋ" ನೋಡ್ರಿ. ಯಾರ್ ಓದ್ಯಾರ, ಯಾರಿಗೆ ಬರೇ ಮುಟ್ಟೇತಿ ಅಂತ ಹೆಸರು ಸಮೇತ ಬರತೈತಿ. ಗ್ರೂಪಿನ್ಯಾಗ ಬ್ಲೂ ಟಿಕ್ ಬಂದ್ ಮಾಡಿದವರದ್ದೂ ಗೊತ್ತಾಗತೈತಿ. ಒಬ್ಬರೂ ಓದಿಲ್ಲಂದ್ರ "ಡಿಲೀಟ್ ಫಾರ್ ಎವರಿಒನ್", ಮಾತ ಎತ್ತೂದ ಬ್ಯಾಡ. ಹತ್ತು ಮಂದಿ ಓದಿದ್ರ ಅಳಿಸಿ ಲಾಭ ಕಡಿಮಿ. "ಮೆಸೇಜ್ ಅಳಿಸಲಾಗಿದೆ" ಅನ್ನೂ ಗುರುತು ಉಳಿತೈತಿ, ಓದದ ಇದ್ದವರೂ ಓದಿದವರನ್ನ "ಏನಿತ್ತು, ಏನಿತ್ತು" ಅಂತ ಕೇಳ್ತಾರ. ಆಗ "ಈ ಕಾಯಿಪಲ್ಲೆ ಪಟ್ಟಿ ಮನಿಗೆ ಹೋಗಬೇಕಿತ್ರಿ, ದಾರಿ ತಪ್ಪಿ ಬಂದೈತಿ" ಅಂತ ಒಂದ ಸಾಲು ಸಾಕು. ಅಕ್ಷರ ತಪ್ಪಾಗಿದ್ರ 15 ನಿಮಿಷದೊಳಗ ಎಡಿಟ್ ಮಾಡಾಕ ಬರತೈತಿ. ಎಲ್ಲಾರಿಗೂ ಅಳಸಾಕ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಟೈಮ್ ಐತಿ. ಗ್ರೂಪ್ ಅಡ್ಮಿನ್ ಯಾರದರೆ ಮೆಸೇಜ್ ಅಳಸಬಹುದು, ನಿಮ್ಮ ಫೋನ್ ಕೈಯಾಗ ಇಲ್ಲಂದ್ರ ಅವರಿಗೆ ಫೋನ್ ಹಚ್ಚಸ್ರಿ.

ಸಾಹೇಬ್ರ ಮ್ಯಾಲ ಬರದದ್ದು ಸಾಹೇಬ್ರಿಗೇ ಹೋದ್ರ ಅದಕ್ಕ ನಗಿ ಇಲ್ಲ, ಇಮೋಜಿನೂ ಇಲ್ಲ. ಎದ್ದು ಹೋಗಿ ಎದುರಿಗೆ ನಿಂತು ತಪ್ಪಾತ್ರಿ ಅನ್ನಬೇಕು. ಫೋನಿನ್ಯಾಗ ಬರದ ಕ್ಷಮೆಯ ಸ್ಕ್ರೀನ್‌ಶಾಟ್ ಹೊಡೀತಾರ.

ಝೂಮ್ ಮೀಟಿಂಗಿನ್ಯಾಗ ಮೈಕ್ ಮ್ಯೂಟ್ ಇಟ್ಟು, ಮಾತಾಡೂ ಮುಂದಷ್ಟ ಸ್ಪೇಸ್‌ಬಾರ್ ಒತ್ತಿ ಹಿಡಿಯೂ ರೂಢಿ ಮಾಡಸ್ರಿ. ಬೆರಳು ಎತ್ತಿದ್ರ ಮತ್ತ ಮ್ಯೂಟ್ ಆಗತೈತಿ. ಕುಕ್ಕರ್ ಸೀಟಿ, ಮನ್ಯಾಗಿನ ಜಗಳ ಎರಡೂ ಒಳಗ ಉಳಿತಾವು.

ಜ್ವಾಳದ ಹೊಲ (ವಿಜಯಪುರ)

ಹಾಸ್ಯ ಯೋಗ ಚೊಲೋದೇ. ಡಾ. ಮದನ್ ಕಟಾರಿಯಾ ಅಂಬವರು 1995ರಾಗ ಮುಂಬೈದ ಒಂದು ಉದ್ಯಾನದೊಳಗ ಐದು ಮಂದಿ ಕೂಡಿ ಶುರು ಮಾಡಿದ್ದು. ನಗಿ ಮೂಲತಃ ಕೂಡಿದ ಮಂದಿ ವ್ಯವಹಾರ. ರಾಬರ್ಟ್ ಪ್ರೊವೈನ್ ಅಂಬೋ ಸಂಶೋಧಕರ ಲೆಕ್ಕದಾಗ ಒಬ್ಬರೇ ಇದ್ದಾಗಿನಕಿಂತ ಮಂದಿ ನಡುವ ಇದ್ದಾಗ ನಗೋದು ಸುಮಾರು 30 ಪಟ್ಟು ಹೆಚ್ಚು. ಖರೇ ಆದ್ರೂ ಪರಿಚಯ ಇಲ್ಲದ 20 ಮಂದಿಗೆ, ಅದೂ ಮ್ಯಾಲಿನವರು ನೋಡ್ತಿರಬೇಕಾದ್ರ, "ಹೋ ಹೋ ಹಾ ಹಾ" ಮಾಡಸಿದ್ರ ಮುಜುಗರ ಇಳಿಸೋ ತರಬೇತಿಯೇ ಮುಜುಗರ ಆಗ್ತದ. ಹರ್ನಿಯಾ ಇದ್ದವರು, ಹೊಟ್ಟಿ ಆಪರೇಷನ್ ಹೊಸದಾಗಿ ಆದವರು ಅದನ್ನ ಮಾಡಬಾರದು, ಅಂಥವರು ಎಲ್ಲಾರ ಮುಂದ ಕಾರಣ ಹೇಳಾಕ ನಾಚತಾರ. ಬಿಡ್ರಿ ಈ ಸಲ.

ಬದಲಿಗೆ ಉಸಿರು ಕಲಸ್ರಿ. ಮೂಗಿನಿಂದ ಉಸಿರು ತುಂಬ ತಗೊಳ್ಳೋದು, ಬಿಡದೇ ಮ್ಯಾಲ ಇನ್ನೊಂದು ಸಣ್ಣ ಗುಟುಕು ಒಳಗ ಎಳ್ಕೊಳ್ಳೋದು, ಆಮ್ಯಾಲ ಬಾಯಿಂದ ನಿಧಾನಕ್ಕ ಪೂರ್ತಿ ಖಾಲಿ ಮಾಡೋದು. ಬಿಡೋದು ತಗೊಂಡದ್ದಕ್ಕಿಂತ ಉದ್ದ ಇರಬೇಕು. 2023ರಾಗ ಅಮೇರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನ ದಿನಾ 5 ನಿಮಿಷದಂಗ ಒಂದು ತಿಂಗಳು ಮಾಡಿಸಿ ನೋಡಿದಾಗ, ಅಷ್ಟೇ ಹೊತ್ತಿನ ಧ್ಯಾನಕ್ಕಿಂತ ಮನಸ್ಸಿನ ಉಲ್ಲಾಸ ಹೆಚ್ಚಾಗಿತ್ತು. ಕೌಂಟರಿನ್ಯಾಗ ಮೂರು ಸಲ ಸಾಕು, ಅರ್ಧ ನಿಮಿಷ. ಎರಡು ತಪ್ಪು ಆಗ್ತಾವ. ಲಗುಲಗು ಮಾಡಿದ್ರ ಮೈಯಾಗಿನ ಕಾರ್ಬನ್ ಡೈಆಕ್ಸೈಡ್ ಕಡಿಮಿ ಆಗಿ ತಲಿ ಗಿಮ್ಮ ಅಂತದ, ಬೆರಳ ತುದಿ ಜುಂ ಅಂತಾವ. ಹಂಗಾದ್ರ ನಿಲ್ಲಿಸಿ ಸಾದಾ ಉಸಿರಾಡಬೇಕು. ಎರಡನೇದು ಮಜಾದ್ದು: ಬಾಯಿಂದ "ಉಸ್ಸಪಾ" ಅಂತ ಬಿಟ್ರ ಎದುರಿಗೆ ನಿಂತಾವ "ನಾ ಬಂದದ್ದಕ್ಕ ಇವಗ ಬ್ಯಾಸರ ಆಗ್ಯದ" ಅಂತ ತಿಳಿತಾನ. ಮಂದಿ ಮುಂದ ಮೂಗಿನಿಂದನೇ ಬಿಡ್ರಿ. ಅದೂ ಆಗಲಿಲ್ಲಂದ್ರ ಟೇಬಲ್ ಕೆಳಗ ಕಾಲ್ಬೆರಳು ನೆಲಕ್ಕ ಐದು ಸೆಕೆಂಡ್ ಒತ್ತಿ ಹತ್ತು ಸೆಕೆಂಡ್ ಸಡಲ ಬಿಡೋದು, ನಾಕೈದು ಸಲ. ಯಾರಿಗೂ ಕಾಣೂದಿಲ್ಲ.

ಅರ್ಧ ಟೆನ್ಶನ್ ಟೆನ್ಶನ್ನೇ ಅಲ್ಲ, ನೀರಡಿಕಿ. ಏಪ್ರಿಲ್ ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟ್ತದ. ಬಚ್ಚಲಕ್ಕ ಹೋಗಾಕ ಬಿಡುವಿಲ್ಲ ಅಂತ ನೀರೇ ಕುಡಿಯೋದಿಲ್ಲ, ಎರಡಕ್ಕ ತಲಿಶೂಲಿ, ಮೂರಕ್ಕ ಸಿಟ್ಟು. ಬಾಟಲಿ ಟೇಬಲ್ ಮ್ಯಾಲ ಕಾಣೋವಂಗ ಇಡಬೇಕು, ಡ್ರಾವರಿನ್ಯಾಗ ಅಲ್ಲ. ಚಹಾದ್ದೂ ಲೆಕ್ಕ ಅದ. ಅದರೊಳಗಿನ ಕೆಫೀನ್ ಅರ್ಧ ಇಳಿಯಾಕ ಸುಮಾರು ಐದು ತಾಸು ಬೇಕು. ಸಂಜಿ ಐದಕ್ಕ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕ ಮೈಯಾಗೇ ಇರ್ತದ. ಕಡೀ ಚಹಾ ನಾಕರೊಳಗ.

ಮೂರನೇ ಪ್ರಶ್ನಿ, ರಾತ್ರಿದು. ಹಾಸಿಗಿ ಮ್ಯಾಲ ವಿಚಾರ ಮಾಡಬಾರದು, ಅದಕ್ಕ ಬ್ಯಾರೆ ಜಾಗ, ಬ್ಯಾರೆ ಹೊತ್ತು ಇಡಬೇಕು. ಊಟಕ್ಕ ಮೊದಲ 15 ನಿಮಿಷ, ಒಂದು ಕುರ್ಚಿ, ಒಂದು ನೋಟಬುಕ್. ಏನಾಯ್ತು ಒಂದ ಸಾಲು. ಏನ್ ದುರಸ್ತಿ ಮಾಡಿದೆ ಒಂದ ಸಾಲು. ನಾಳೆ ಏನ್ ಬದಲು ಒಂದ ಸಾಲು. ತನ್ನ ಹೆಸರು ಹಿಡಿದೇ ಬರೀಬೇಕು: "ಬಸು, ಇವತ್ತ 16 ಅನ್ನೋದ 61 ಓದಿದಿ. ನಾಳೆ ಮೊದಲ ಕನ್ನಡಕ ಒರಸ್ಕೋ." ಹಿಂಗ "ನಾನು" ಬಿಟ್ಟು ಹೆಸರು ಹಿಡಿದು ಮಾತಾಡಿಕೊಂಡ್ರ ನಾಚಿಕಿ, ಆತಂಕ ಕಡಿಮಿ ಆಗ್ತಾವ ಅಂತ ಮನಃಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತ ಸಂಗಡಿಗರು 2014ರಾಗ ತೋರಿಸ್ಯಾರ. ಬ್ಯಾರೆಯವರಿಗೆ ಬುದ್ಧಿ ಹೇಳೋದು ನಮಗ ಮೊದಲಿಂದ ಸಲೀಸ ಅಲ್ಲೇನ್ರಿ. ಹಾಸಿಗಿ ಮ್ಯಾಲ ಮತ್ತ ಅದೇ ವಿಚಾರ ಬಂದ್ರ, "ನಾಳಿನ ಹದಿನೈದು ನಿಮಿಷಕ್ಕ ಬಾ" ಅಂತ ಕಳಿಸಿಬಿಡೋದು. ಮೊದಲನೇ ವಾರ ಕೇಳೂದಿಲ್ಲ ಅದು. ಬಿಡಬಾರದು.

ನಿದ್ದಿ ಎರಡು ವಾರದಿಂದ ಸರಿ ಇಲ್ಲ, ಕೆಲಸಕ್ಕ ಹೋಗಬೇಕಂದ್ರ ಎದಿ ಹೊಡಕೊಳ್ತದ, ಕೌಂಟರಿಗೆ ಕೂಡೋದ ಬ್ಯಾಡಾಗಿ ರಜಾ ಹಾಕ್ತಾರ ಅಂದ್ರ ಇದು ನಗಿ ಕೆಲಸ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416 ನಂಬರ್ ಬೋರ್ಡಿನ ಮ್ಯಾಲ ಬರೀರಿ. 2022ರ ಅಕ್ಟೋಬರದಿಂದ ನಡದದ, ಹಗಲು ರಾತ್ರಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ. ಎದುರಿಗೆ ಕುಂತು ತೋರಿಸಬೇಕಂದ್ರ ಜಿಲ್ಲಾ ಆಸ್ಪತ್ರಿಯ ಮನೋರೋಗ ವಿಭಾಗ, ಇಲ್ಲಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.

ಸೆಕ್ಟರ್ ನಾಲ್ಕು (ಬಾಗಲಕೋಟಿ)

ಕಡೀ ಪ್ರಶ್ನಿ ಕುಂದಾ ಅವರಿಗೆ. ಒಂದೂವರಿ ತಾಸು ಹೆಂಗ ಹಂಚಲಿ? ಮತ್ತ ಹುಡುಗ ಆ ಒಂದ ಸಾಲು ಹೇಳಿದ, ಯಾರೂ ನಗಲಿಲ್ಲ. ಆಗ?

ಕುಂದಾ ಕಡಕ್ (ಬೆಳಗಾವಿ)

ಭಾಷಣ ಹತ್ತು ನಿಮಿಷದ ಮ್ಯಾಲ ಬ್ಯಾಡ. ಮೊದಲ ಚೀಟಿ ಕೊಟ್ಟು ಹೆಸರಿಲ್ಲದ ಒಂದೊಂದು ಫಜೀತಿ ಬರಸ್ರಿ, ಡಬ್ಬಿಗೆ ಹಾಕಸ್ರಿ. ತಮ್ಮದ ಬರೀಬೇಕಂತೇನಿಲ್ಲ, ನೋಡಿದ್ದೂ ನಡಿತೈತಿ. ಆಮ್ಯಾಲ ಒಂದು ಟೇಬಲ್, ಒಂದು ಕುರ್ಚಿ, ಐದು ಮಂದಿ ಸಾಲು. ಒಬ್ಬ ಕೂಡಬೇಕು, ಚೀಟಿ ಎತ್ತಬೇಕು, ಆ ಫಜೀತಿ ಮಾಡಿ ತೋರಸಬೇಕು, ಸಾಲು ಜೋರಾಗಿ ನಗಬೇಕು. ಅಂವಾ ದುರಸ್ತಿ, ಒಂದ ಸಾಲು, ಮುಂದಿನ ಟೋಕನ್. ಮೊಬೈಲಿನ್ಯಾಗ 30 ಸೆಕೆಂಡ್ ಟೈಮರ್ ಹಚ್ಚಿ. ಒಬ್ಬರಿಗೆ ಎರಡು ಸಲ ಅಂದ್ರೂ 20 ಮಂದಿಗೆ ಹೋಗಿ ಬರೂದು ಸೇರಿ ನಲವತ್ತು ನಿಮಿಷ ಬೇಕು. ಎರಡನೇ ಸಲಕ್ಕ ನೋಡ್ರಿ, ಕೈ ತಾನ ಕಾಗದಕ್ಕ ಹೋಗತೈತಿ. ನಿಜವಾದ ಚಹಾ ಬ್ಯಾಡ, ನೀರು ಸಾಕು, ಮತ್ತ ಹಳೇ ಅರ್ಜಿ ಇಡ್ರಿ. ಉಸಿರಿಗೆ ಹದಿನೈದು, ನೋಟಬುಕ್ಕಿಗೆ ಹದಿನೈದು. ಉಳಿದ ಹತ್ತು ನಿಮಿಷ ತಡಾ ಮಾಡಿ ಬಂದವರ ಪಾಲು, ಅದು ಇದ್ದದ್ದ.

ಒಂದ ಎಚ್ಚರಿಕಿ. ಒಂದೂ ಹುಡುಗಿಗೆ ಕುರ್ಚಿಯಿಂದ ಬೀಳೂ ಚೀಟಿ ಬರದಂಗ ಮೊದಲ ಡಬ್ಬಿ ನೋಡ್ಕೋರಿ. ಸೀರಿ, ಚೂಡಿದಾರ ಹಾಕ್ಕೊಂಡು ಮಂದಿ ಮುಂದ ಬಿದ್ದ ತೋರಸು ಅನ್ನೂದು ಅಭ್ಯಾಸ ಅಲ್ಲ, ಮಶ್ಕಿರಿ.

ಯಾರೂ ನಗಲಿಲ್ಲಂದ್ರ? ಹದಿನೇಳನೇದವರನ್ನ ಕರೀರಿ.